ಗರಗಸವೂ ವಕ್ಫ್ ಆಗುತ್ತದೆ
ಕೈಯಾರೆ ಕಲಿಯುವ ವಿದ್ಯೆಗೆ ದಾನ ಕೊಟ್ಟವರ ಚರಿತ್ರೆ

ಮನುಷ್ಯನು ಮೃತನಾದಾಗ ಮೂರು ವಿಷಯಗಳ ಹೊರತು ಅವನ ಕರ್ಮಗಳೆಲ್ಲ ನಿಂತುಹೋಗುತ್ತವೆ ಎಂಬ ಪ್ರವಾದಿ(ಸ)ರ ಬೋಧನೆಯನ್ನು ಜುಮಾ ಖುತ್ಬಾಗಳಲ್ಲಿ ನಾವು ಹಲವು ಸಲ ಕೇಳಿದ್ದೇವೆ. ನಿರಂತರ ಫಲ ಕೊಡುವ ದಾನ, ಜನರಿಗೆ ಪ್ರಯೋಜನವಾಗುವ ಜ್ಞಾನ, ಹೆತ್ತವರಿಗಾಗಿ ಪ್ರಾರ್ಥಿಸುವ ಸಜ್ಜನ ಸಂತಾನ, ಇವೇ ಆ ಮೂರು. ಈ ಬೋಧನೆಯ ಬಲದಿಂದಲೇ ನಮ್ಮ ಊರುಗಳಲ್ಲಿ ಮಸೀದಿಗಳು ಎದ್ದಿವೆ, ಕೊಳವೆಬಾವಿಗಳು ಬಂದಿವೆ, ಮದ್ರಸಗಳು ನಡೆಯುತ್ತಿವೆ, ಬಡ ಮಕ್ಕಳ ಶಾಲಾ ಶುಲ್ಕ ಕಟ್ಟಲಾಗುತ್ತಿದೆ. ಅಲ್‌ಹಮ್ದುಲಿಲ್ಲಾಹ್.

ಆದರೆ ಈ ಮೂರೂ ಒಂದೇ ಕಡೆ ಸೇರುವ ಒಂದು ದಾನವಿದೆ. ಅದರ ಬಗ್ಗೆ ನಾವು ಮಾತನಾಡುವುದು ಕಡಿಮೆ. ಇಂಜಿನಿಯರಿಂಗ್ ಓದುವ ಹುಡುಗನಿಗೋ ಹುಡುಗಿಗೋ ಪುಸ್ತಕದಲ್ಲಿ ಓದಿದ್ದನ್ನು ಕೈಯಾರೆ ಮಾಡಿ ನೋಡಲು ಬೇಕಾದ ಉಪಕರಣ, ಸಾಮಗ್ರಿ ಮತ್ತು ಜಾಗವನ್ನು ಒದಗಿಸುವ ದಾನ ಅದು. ಇದು ಹೊಸ ಕಾಲದ ಆಲೋಚನೆ ಎಂದು ಕೆಲವರಿಗೆ ಅನಿಸಬಹುದು. ನಮ್ಮ ಧರ್ಮದ ಚರಿತ್ರೆಯಲ್ಲೂ ನಾವು ಬಾಳುತ್ತಿರುವ ಈ ಕನ್ನಡ ನಾಡಿನ ಚರಿತ್ರೆಯಲ್ಲೂ ಅದಕ್ಕೆ ಆಳವಾದ ಬೇರುಗಳಿವೆ.

ಕಸುಬುದಾರನಿಗೆ ನೆರವು

ಅತ್ಯುತ್ತಮ ಕರ್ಮ ಯಾವುದೆಂದು ಅಬೂದರ್(ರ) ಪ್ರವಾದಿವರ್ಯ(ಸ)ರೊಡನೆ ಕೇಳಿದ ಪ್ರಸಂಗ ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಪ್ರವಾದಿ(ಸ)ರು ಮೊದಲು ಅಲ್ಲಾಹನಲ್ಲಿ ವಿಶ್ವಾಸವನ್ನೂ ಅವನ ಮಾರ್ಗದಲ್ಲಿನ ಪರಿಶ್ರಮವನ್ನೂ ಹೇಳಿದರು. ಆಮೇಲೆ ಗುಲಾಮರ ವಿಮೋಚನೆಯ ಮಾತು ಬಂತು. ಅದು ನನ್ನಿಂದ ಆಗದಿದ್ದರೆ ಎಂದು ಅಬೂದರ್(ರ) ಮತ್ತೆ ಕೇಳಿದಾಗ, ಕಸುಬು ಮಾಡುವವನಿಗೆ ನೆರವಾಗಬೇಕು, ಇಲ್ಲವೇ ಕಸುಬು ಬಾರದವನಿಗೆ ಬೇಕಾದುದನ್ನು ಮಾಡಿಕೊಡಬೇಕು ಎಂಬ ಅರ್ಥದ ಉತ್ತರ ಬಂತು. ಕೈಕೆಲಸ ಮಾಡುವವನ ಬೆನ್ನಿಗೆ ನಿಲ್ಲುವುದನ್ನು ಪ್ರವಾದಿ(ಸ)ರು ಶ್ರೇಷ್ಠ ಕರ್ಮಗಳ ಸಾಲಿನಲ್ಲೇ ಇಟ್ಟರು.

ಕುರ್‌ಆನ್ ಪರಿಚಯಿಸುವ ಪ್ರವಾದಿಗಳಲ್ಲೂ ಕೈಕೆಲಸದವರಿದ್ದಾರೆ. ನೂಹ್(ಅ)ರು ಹಡಗು ಕಟ್ಟಿದರು. ಅದನ್ನು ಕಂಡು ದಾಟಿಹೋದವರೆಲ್ಲ ಅವರನ್ನು ಗೇಲಿ ಮಾಡಿದರು. ದಾವೂದ್(ಅ)ರಿಗೆ ಅಲ್ಲಾಹನು ಕಬ್ಬಿಣವನ್ನು ಮೃದುಗೊಳಿಸಿಕೊಟ್ಟನು, ಕವಚದ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸುವಂತೆ ಆದೇಶಿಸಿದನು. ಅಳತೆ ತಪ್ಪಿದರೆ ಕವಚ ಕೆಲಸಕ್ಕೆ ಬಾರದು. ಇಂದಿನ ಇಂಜಿನಿಯರಿಂಗ್ ವಿದ್ಯಾರ್ಥಿ ಮೊದಲ ವರ್ಷದ ವರ್ಕ್‌ಶಾಪಿನಲ್ಲಿ ಅರ ಹಿಡಿದು ಕಲಿಯುವ ಪಾಠವೂ ಇದೇ. ದಾವೂದ್(ಅ)ರು ತಮ್ಮ ಕೈದುಡಿಮೆಯಿಂದಲೇ ಉಣ್ಣುತ್ತಿದ್ದರು ಎಂಬುದನ್ನು ಪ್ರವಾದಿ(ಸ)ರು ವಿಶೇಷವಾಗಿ ಸ್ಮರಿಸಿದ್ದಾರೆ.

ದಾನವನ್ನು ಕಾಲಕಾಲಕ್ಕೂ ಉಳಿಯುವಂತೆ ಮಾಡುವ ದಾರಿಯಾದ ವಕ್ಫ್, ಖಲೀಫಾ ಉಮರ್(ರ)ರ ಖೈಬರ್ ಜಮೀನಿನಿಂದ ನಮಗೆಲ್ಲ ಪರಿಚಿತ. ಮೂಲವನ್ನು ಹಾಗೇ ಇಟ್ಟುಕೊಂಡು ಫಲವನ್ನು ಹಂಚುವಂತೆ ಪ್ರವಾದಿ(ಸ)ರು ಅವರಿಗೆ ಸೂಚಿಸಿದರು. ಆ ಜಮೀನನ್ನು ಮಾರುವಂತಿರಲಿಲ್ಲ, ಯಾರಿಗೂ ಬಿಟ್ಟುಕೊಡುವಂತಿರಲಿಲ್ಲ, ವಾರಸುದಾರರೂ ಹಂಚಿಕೊಳ್ಳುವಂತಿರಲಿಲ್ಲ. ಫಲ ಮಾತ್ರ ಬಡವರಿಗೆ, ಬಂಧುಗಳಿಗೆ, ದಾರಿಹೋಕರಿಗೆ ಮತ್ತು ಅತಿಥಿಗಳಿಗೆ.

ವಕ್ಫ್ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಜಮೀನು, ಕಟ್ಟಡ, ಕಬರಸ್ತಾನ. ಆದರೆ ಹನಫಿ ಕರ್ಮಶಾಸ್ತ್ರದ ಹೆಸರಾಂತ ಗ್ರಂಥ 'ಹಿದಾಯ'ದಲ್ಲಿ ಇನ್ನೊಂದು ಪಟ್ಟಿಯಿದೆ. ಇದನ್ನು ಬರೆದವರು ಇಂದಿನ ಉಜ್ಬೆಕಿಸ್ತಾನದ ಫರ್ಗಾನಾ ಸೀಮೆಯ ಇಮಾಮ್ ಮರ್ಗೀನಾನಿ. ಅವರು ತೀರಿಕೊಂಡದ್ದು 1197ರಲ್ಲಿ. ಸ್ಥಳಾಂತರಿಸಬಹುದಾದ ವಸ್ತುಗಳನ್ನು ವಕ್ಫ್ ಮಾಡಬಹುದೇ ಎಂಬ ಚರ್ಚೆಯಲ್ಲಿ ಅವರು ಇಮಾಮ್ ಮುಹಮ್ಮದ್ ಬಿನ್ ಹಸನ್ ಶೈಬಾನಿಯವರ ಅಭಿಪ್ರಾಯವನ್ನು ದಾಖಲಿಸುತ್ತಾರೆ. ಜನರ ರೂಢಿಯಲ್ಲಿರುವಂಥ ವಸ್ತುಗಳನ್ನು ವಕ್ಫ್ ಮಾಡಬಹುದು ಎಂದ ಆ ಇಮಾಮರ ಉದಾಹರಣೆಗಳಲ್ಲಿ ಕೊಡಲಿ, ಗುದ್ದಲಿ, ಬಾಚಿ ಮತ್ತು ಗರಗಸ ಬರುತ್ತವೆ. ಅವುಗಳ ಜೊತೆಯಲ್ಲೇ ಜನಾಝದ ಮಂಚ, ಅಡುಗೆಯ ಹಂಡೆ ಮತ್ತು ಕುರ್‌ಆನ್ ಪ್ರತಿಗಳು. ಇಮಾಮ್ ಅಬೂ ಯೂಸುಫ್ ಇದನ್ನು ಒಪ್ಪಲಿಲ್ಲ. ಆದರೂ ನಗರಗಳ ಹೆಚ್ಚಿನ ವಿದ್ವಾಂಸರು ಇಮಾಮ್ ಮುಹಮ್ಮದರ ಮಾತನ್ನೇ ಹಿಡಿದರು. ನಮ್ಮ ಕರಾವಳಿಯ ಸಹೋದರರು ಅನುಸರಿಸುವ ಶಾಫಿಈ ಮದ್ಹಬ್‌ನಲ್ಲೂ, ಸವೆದು ಮುಗಿಯದೆ ಉಪಯೋಗಕ್ಕೆ ಬರುವ ವಸ್ತುವಿನ ವಕ್ಫ್ ಊರ್ಜಿತ.

ಮಸೀದಿಯಲ್ಲಿ ಜನಾಝದ ಮಂಚವನ್ನೂ ಮದುವೆಯ ದೇಗಚಿಗಳನ್ನೂ ಊರಿನ ಉಪಯೋಗಕ್ಕೆ ಇಟ್ಟಿರುವ ಜಮಾಅತ್‌ಗಳಿಗೆ ಈ ಪಟ್ಟಿಯ ಅರ್ಥವನ್ನು ಬೇರೆ ವಿವರಿಸಬೇಕಿಲ್ಲ. ಹಂಡೆಯ ಪಕ್ಕದಲ್ಲೇ ಇದ್ದ ಗರಗಸ ಮಾತ್ರ ನಮ್ಮ ನೆನಪಿನಿಂದ ಜಾರಿಹೋಗಿದೆ.

ಬಗ್ದಾದಿನಿಂದ ಬೀದರಿನವರೆಗೆ

ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ ಬನೂ ಮೂಸಾ ಎಂದು ಹೆಸರಾದ ಮೂವರು ಸಹೋದರರಿದ್ದರು. ತಂದೆಯನ್ನು ಕಳೆದುಕೊಂಡ ಆ ಮಕ್ಕಳನ್ನು ಖಲೀಫಾ ಮಅ್‌ಮೂನ್ ತನ್ನ ಆಶ್ರಯದಲ್ಲಿ ಓದಿಸಿದನು. ಬೆಳೆದು ದೊಡ್ಡವರಾದ ಮೇಲೆ ಅವರು ಸುಮಾರು ನೂರು ಯಂತ್ರೋಪಾಯಗಳನ್ನು ವಿವರಿಸುವ ಗ್ರಂಥ ಬರೆದರು. ಅಷ್ಟಕ್ಕೆ ನಿಲ್ಲದೆ ತಮ್ಮ ಸಂಪತ್ತನ್ನು ಇತರರ ವಿದ್ಯೆಗೆ ಸುರಿದರು. ಗ್ರೀಕ್ ಗ್ರಂಥಗಳನ್ನು ಅರಬಿಗೆ ತರುವ ಭಾಷಾಂತರಕಾರರಿಗೆ ಅವರು ತಿಂಗಳಿಗೆ ಸುಮಾರು 500 ದೀನಾರ್ ಕೊಡುತ್ತಿದ್ದರೆಂದು ಹಳೆಯ ದಾಖಲೆಗಳು ಹೇಳುತ್ತವೆ. ಯತೀಮರಾಗಿ ನೆರವು ಪಡೆದವರೇ ನೆರವು ಕೊಡುವವರಾದರು.

ಇಮಾಮ್ ಮರ್ಗೀನಾನಿಯವರ ತಲೆಮಾರಿನಲ್ಲೇ, ಇಂದಿನ ಟರ್ಕಿಯ ದಿಯಾರ್‌ಬಕಿರ್‌ನಲ್ಲಿ, ಅಲ್ ಜಝರಿ ಎಂಬ ಇಂಜಿನಿಯರ್ ಅರ್ತುಕೀ ಅರಸರ ಬಳಿ 25 ವರ್ಷ ದುಡಿದಿದ್ದರು. ಅರಸ ನಾಸಿರುದ್ದೀನ್ ಮಹ್ಮೂದ್ ಅವರಿಗೆ, ನೀನು ಮಾಡಿದ್ದನ್ನೆಲ್ಲ ಬರೆದಿಡು ಎಂದು ಹೇಳಿದನು. 1206ರಲ್ಲಿ ಮುಗಿದ ಆ ಗ್ರಂಥದಲ್ಲಿ ನೀರಿನ ಗಡಿಯಾರಗಳು, ನೀರೆತ್ತುವ ಯಂತ್ರಗಳು, ಎರಡು ಕೊಳವೆಗಳ ಪಂಪು ಸೇರಿ 50 ಉಪಕರಣಗಳಿವೆ. ಭಾಗಗಳ ಅಳತೆ, ಎರಕ ಹೊಯ್ಯುವ ರೀತಿ, ಜೋಡಿಸುವ ಕ್ರಮ ಎಲ್ಲವನ್ನೂ ಬೇರೊಬ್ಬ ಕಸುಬುದಾರ ನೋಡಿ ಮಾಡಬಹುದಾದಷ್ಟು ಬಿಡಿಸಿ ಬರೆದಿದ್ದಾರೆ. ಮಾಡಿ ಪರೀಕ್ಷಿಸದ ಯಂತ್ರವಿದ್ಯೆ ಸರಿ ಮತ್ತು ತಪ್ಪುಗಳ ನಡುವೆ ಸಂಶಯದಲ್ಲೇ ಉಳಿಯುತ್ತದೆ ಎಂಬುದು ಅವರ ನಿಲುವಾಗಿತ್ತು. 25 ವರ್ಷಗಳ ಲೋಹ, ಮರ ಮತ್ತು ಹಣ ಯಾರೋ ಕೊಟ್ಟದ್ದರಿಂದ ಅವರು ಪರೀಕ್ಷಿಸಿ ನೋಡಲು ಸಾಧ್ಯವಾಯಿತು.

ನಮ್ಮ ನಾಡಿಗೆ ಬಂದರೆ, ಬೀದರಿನ ಮಹಮೂದ್ ಗವಾನರ ಮದ್ರಸ ಕಣ್ಣಮುಂದಿದೆ. ಇರಾನಿನ ಗೀಲಾನ್ ಸೀಮೆಯಿಂದ ವ್ಯಾಪಾರಿಯಾಗಿ ಬಂದು ಬಹಮನಿ ಸುಲ್ತಾನರ ಪ್ರಧಾನಿಯಾದವರು ಅವರು. 1472ರಲ್ಲಿ ಮುಗಿದ ಆ ಕಟ್ಟಡದಲ್ಲಿ ಪಾಠದ ಹಜಾರಗಳ ಜೊತೆ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಕೋಣೆಗಳಿದ್ದವು, ಸುಮಾರು 3000 ಹಸ್ತಪ್ರತಿಗಳ ಗ್ರಂಥಾಲಯವಿತ್ತು. ಅದೇ ಬೀದರಿನ ನೆಲದಡಿ, ಕಲ್ಲು ಕೊರೆದು ನೀರು ಹರಿಸಿದ ಕರೇಝ್ ಸುರಂಗಗಳಿವೆ. ಓದಿದ ಲೆಕ್ಕ ಮತ್ತು ಅಗೆದ ಕೈ ಎರಡೂ ಕೂಡಿದಾಗ ಮಾತ್ರ ಅಂಥದ್ದು ಆಗುತ್ತದೆ.

ನಮ್ಮ ಜಿಲ್ಲೆಯಲ್ಲೂ ಇಂಥ ನೆನಪುಗಳಿವೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು, ಅಂದರೆ ಶಾಂತಿಸಾಗರವನ್ನು, ಶಾಂತವ್ವ ಎಂಬ ಹೆಣ್ಣುಮಗಳು ಕಟ್ಟಿಸಿದಳೆಂದು ಜನ ತಲೆತಲಾಂತರದಿಂದ ಹೇಳುತ್ತಾ ಬಂದಿದ್ದಾರೆ. ಸಂತೇಬೆನ್ನೂರಿನ ಪುಷ್ಕರಣಿಯನ್ನು ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದರೆ, ಅದರ ಪಕ್ಕದ ಮುಸಾಫಿರಖಾನೆ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಹೆಸರಿನಲ್ಲಿ ನಿಂತಿದೆ. ಕೊಟ್ಟವರು ಯಾರೇ ಇರಲಿ, ನೀರು ಕುಡಿದವರು ಎಲ್ಲರೂ.

ಒಂದು ದಾನ, ಒಂದು ರಾಜ್ಯ, 371 ಎಕರೆ

ಆಧುನಿಕ ಕಾಲದಲ್ಲಿ ಈ ನಾಡಿನ ತಾಂತ್ರಿಕ ವಿದ್ಯೆಯ ದಿಕ್ಕು ಬದಲಿಸಿದ ದಾನ ಜಮ್‌ಶೆಟ್‌ಜಿ ಟಾಟಾ ಅವರದು. ಭಾರತಕ್ಕೆ ಒಂದು ವಿಜ್ಞಾನ ಸಂಸ್ಥೆ ಬೇಕೆಂದು ಅವರು ತಮ್ಮ ಆಸ್ತಿಯ ದೊಡ್ಡ ಪಾಲನ್ನು ಎತ್ತಿಟ್ಟರು. 1898ರ ಡಿಸೆಂಬರ್ ಕೊನೆಯಲ್ಲಿ ಅದರ ಯೋಜನೆ ವೈಸ್‌ರಾಯ್ ಕರ್ಜನ್ ಮುಂದೆ ಹೋಯಿತು. ಸರ್ಕಾರದ ಕಡೆಯಿಂದ ಅನುಮಾನಗಳು ಬಂದವು, ವರ್ಷಗಳು ಉರುಳಿದವು. ಸಂಸ್ಥೆ ಎಲ್ಲಿರಬೇಕೆಂದು ನೋಡಲು ಬಂದ ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ರಾಮ್ಸೆ ಬೆಂಗಳೂರನ್ನು ಸೂಚಿಸಿದರು. ಆಗ ಮೈಸೂರಿನ ಆಡಳಿತ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಕೈಯಲ್ಲಿತ್ತು, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದರು. ಮೈಸೂರು ರಾಜ್ಯವು 371 ಎಕರೆ ಭೂಮಿಯನ್ನು ಸಂಸ್ಥೆಗೆ ಕೊಟ್ಟಿತು.

ಟಾಟಾ 1904ರಲ್ಲಿ ತೀರಿಕೊಂಡರು. ಸಂಸ್ಥೆಗೆ ಮಂಜೂರಾತಿ ಸಿಕ್ಕಿದ್ದು 1909ರ ಮೇ ತಿಂಗಳಲ್ಲಿ, ಮೊದಲ ವಿದ್ಯಾರ್ಥಿಗಳು ಸೇರಿದ್ದು 1911ರ ಜುಲೈನಲ್ಲಿ. ಕೊಟ್ಟವರು ಫಲವನ್ನು ಕಣ್ಣಾರೆ ಕಾಣಲಿಲ್ಲ. ಆರಂಭದ ವಿಭಾಗಗಳಲ್ಲಿ ರಸಾಯನಶಾಸ್ತ್ರದ ಜೊತೆ ವಿದ್ಯುತ್ ತಂತ್ರಜ್ಞಾನವಿತ್ತು. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಗಿತ್ತು, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದಿತ್ತು. ಆ ಯಂತ್ರಗಳನ್ನು ಬಲ್ಲ ಜನ ಈ ನೆಲದಲ್ಲೇ ತಯಾರಾಗಬೇಕಿತ್ತು. ಪಾರಸಿ ವರ್ತಕರೊಬ್ಬರ ಹಣ ಮತ್ತು ಮೈಸೂರಿನ ಭೂಮಿಯಿಂದ ಬೆಳೆದ ಆ ಸಂಸ್ಥೆಯನ್ನು ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ.

1917ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಬೆಂಗಳೂರಿನಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ಮೈಸೂರು ಸೀಮೆಯ ಹುಡುಗರಿಗೆ ಬಹುಕಾಲ ಅದೊಂದೇ ಬಾಗಿಲಾಗಿತ್ತು. ಆಮೇಲೆ ದಾನಿಗಳು ಮುಂದೆ ಬಂದರು. 1946ರಲ್ಲಿ ಬಿ.ಎಂ. ಶ್ರೀನಿವಾಸಯ್ಯನವರು ಬೆಂಗಳೂರಿನಲ್ಲಿ ಖಾಸಗಿ ಇಂಜಿನಿಯರಿಂಗ್ ಕಾಲೇಜು ಕಟ್ಟಿದರು. 1947ರಲ್ಲಿ ಹುಬ್ಬಳ್ಳಿಯಲ್ಲಿ ಕೆಎಲ್‌ಇ ಸಂಸ್ಥೆ ತೆರೆದ ಕಾಲೇಜಿಗೆ ದಾನಿ ಭೂಮರಡ್ಡಿಯವರ ಹೆಸರು ಬಂತು.

ದಾವಣಗೆರೆಯ ಬಾಗಿಲು

ಹೊನ್ನಾಳಿ ಮತ್ತು ಚನ್ನಗಿರಿ ಆಗ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ, ನ್ಯಾಮತಿ ಪ್ರತ್ಯೇಕ ತಾಲ್ಲೂಕಾದದ್ದು ಇತ್ತೀಚೆಗೆ. ಆದರೆ ಗಡಿಗಳು ಬದಲಾಗುವ ಎಷ್ಟೋ ಮೊದಲೇ, 1951ರಲ್ಲಿ, ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಗಿ ಈ ಸೀಮೆಗೆ ಬಾಗಿಲು ತೆರೆಯಿತು. ಅದನ್ನು ನಾವೆಲ್ಲ ಯುಬಿಡಿಟಿ ಎನ್ನುತ್ತೇವೆ. ಆ ಅಕ್ಷರಗಳಲ್ಲಿ ಅಡಗಿರುವುದು ಒಬ್ಬ ದಾನಿಯ ಹೆಸರು: ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ. ಇಂದು ಅದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಘಟಕ ಕಾಲೇಜು.

ಆ ಕಾಲೇಜಿನ ಸುತ್ತ ದುಡಿಮೆಯ ಲೋಕವಿತ್ತು. ದಾವಣಗೆರೆಯ ಹತ್ತಿ ಗಿರಣಿಗಳ ಸದ್ದು ಊರನ್ನೇ ಎಬ್ಬಿಸುತ್ತಿತ್ತು. ಪಕ್ಕದ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನು ತಯಾರಿಸುತ್ತಿತ್ತು. ಯಂತ್ರ ಮಾಡುವ ಯಂತ್ರಗಳೇ ಬಸ್ಸಿನ ದೂರದಲ್ಲಿದ್ದವು. 1979ರಲ್ಲಿ ದಾವಣಗೆರೆಯಲ್ಲಿ ಬಾಪೂಜಿ ಇಂಜಿನಿಯರಿಂಗ್ ಕಾಲೇಜು, 1980ರಲ್ಲಿ ಶಿವಮೊಗ್ಗದಲ್ಲಿ ಜವಾಹರಲಾಲ್ ನೆಹರೂ ಇಂಜಿನಿಯರಿಂಗ್ ಕಾಲೇಜು ಬಂದವು. ಇಂದು ಗೋವಿನಕೋವಿಯ ಹುಡುಗಿಯೊಬ್ಬಳು ಇಂಜಿನಿಯರ್ ಆಗಬೇಕೆಂದರೆ ಒಂದು ಕಡೆ ದಾವಣಗೆರೆ, ಇನ್ನೊಂದು ಕಡೆ ಶಿವಮೊಗ್ಗ ಇದೆ. ಈ ಬಾಗಿಲುಗಳನ್ನು ಕಟ್ಟಿದವರಲ್ಲಿ ಹೆಚ್ಚಿನವರು ನಮ್ಮ ಸಮುದಾಯದವರಲ್ಲ. ಆದರೂ ನಮ್ಮ ಮಕ್ಕಳು ಅವುಗಳ ಮೂಲಕವೇ ಒಳಗೆ ಹೋದರು. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗಲಾರ ಎಂಬ ಪ್ರವಾದಿ ಬೋಧನೆಯನ್ನು ಇಲ್ಲಿ ನೆನೆಯಬೇಕು.

ನಮ್ಮವರು ಕಟ್ಟಿದ್ದು

ನಮ್ಮ ಸಮುದಾಯವೂ ಕೈಕಟ್ಟಿ ಕೂರಲಿಲ್ಲ. ಭಟ್ಕಳದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಆರಂಭವಾದದ್ದು 1919ರಲ್ಲಿ. ಊರೂರು ಸುತ್ತಿ ವ್ಯಾಪಾರ ಮಾಡಿದ ನವಾಯತರು, ಆಮೇಲೆ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದ ಅವರ ಮಕ್ಕಳು ಗಳಿಕೆಯ ಒಂದು ಪಾಲನ್ನು ಊರಿನ ಶಾಲೆಗೆ ಕಳಿಸಿದರು. ಒಂದು ಶಾಲೆಯಿಂದ ಬೆಳೆದ ಆ ಸಂಸ್ಥೆ 1980ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. ಅದೇ ವರ್ಷ ರಾಮನಗರದಲ್ಲಿ ಘೌಸಿಯಾ ಇಂಜಿನಿಯರಿಂಗ್ ಕಾಲೇಜು ಬಂತು. ಬೆಂಗಳೂರಿನಲ್ಲಿ 1966ರಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ ಕಟ್ಟಿದ ಅಲ್ ಅಮೀನ್ ಸಂಸ್ಥೆ ಇಡೀ ರಾಜ್ಯದ ಮುಸ್ಲಿಮರಲ್ಲಿ ಕಲಿಕೆಯ ಹುರುಪು ತುಂಬಿತು. ಬೆಂಗಳೂರಿನ ಎಚ್‌ಕೆಬಿಕೆ 1997ರಲ್ಲಿ, ಕಲಬುರಗಿಯ ಖಾಜಾ ಬಂದಾನವಾಝ್ ಮತ್ತು ಮಂಗಳೂರಿನ ಪಿ.ಎ. ಇಂಜಿನಿಯರಿಂಗ್ ಕಾಲೇಜುಗಳು 2000ದಲ್ಲಿ ಆರಂಭವಾದವು.

ಹೀಗೆ ಒಂದು ಶತಮಾನದಲ್ಲಿ ಕಟ್ಟಡಗಳ ಹಸಿವು ಬಹಳಷ್ಟು ತಣಿಯಿತು. ಶುಲ್ಕಕ್ಕೂ ಈಗ ಸ್ಕಾಲರ್‌ಶಿಪ್, ಸಾಲ, ದಾನಿಗಳ ನೆರವು ಸಿಗುತ್ತದೆ. ಇವೆಲ್ಲ ದಾಟಿ ಕೊನೆಯ ವರ್ಷಕ್ಕೆ ಬಂದ ವಿದ್ಯಾರ್ಥಿಗೆ ಇನ್ನೊಂದು ಗೋಡೆ ಎದುರಾಗುತ್ತದೆ. ಅದರ ಹೆಸರು ಪ್ರಾಜೆಕ್ಟ್.

ಕೊನೆಯ ವರ್ಷದ ಪರೀಕ್ಷೆ

ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ತಂಡವಾಗಿ, ಒಬ್ಬ ಅಧ್ಯಾಪಕರ ಮಾರ್ಗದರ್ಶನದಲ್ಲಿ, ಏನಾದರೊಂದನ್ನು ವಿನ್ಯಾಸ ಮಾಡಿ ಕಟ್ಟಿ ತೋರಿಸಬೇಕು. ನಾಲ್ಕು ವರ್ಷದ ಓದು ಕೈಗೆ ಇಳಿಯುವ ಘಟ್ಟ ಇದು. ಇದಕ್ಕೆ ಮೋಟಾರು, ಬೇರಿಂಗು, ಉಕ್ಕಿನ ತಗಡು, ಸೆನ್ಸರ್, ಬ್ಯಾಟರಿ ಬೇಕು. ಲೇತ್ ಕೆಲಸಕ್ಕೂ ವೆಲ್ಡಿಂಗಿಗೂ ಕೂಲಿ ಕೊಡಬೇಕು. ಮೊದಲ ಸಲ ಮಾಡಿದ್ದು ಕೆಟ್ಟರೆ ಎರಡನೆಯ ಸಲ ಮತ್ತೆ ಕೊಳ್ಳಬೇಕು. ಈ ಖರ್ಚು ಹೆಚ್ಚಾಗಿ ವಿದ್ಯಾರ್ಥಿಗಳ ಜೇಬಿನದೇ.

ಈ ಕೊರತೆಯನ್ನು ಕರ್ನಾಟಕ ಬಹಳ ಹಿಂದೆಯೇ ಗುರುತಿಸಿತು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1975ರಲ್ಲಿ ಆರಂಭವಾಯಿತು. ಅದರ ನೆಲೆ ಟಾಟಾ ದಾನದಿಂದ ಹುಟ್ಟಿದ ಅದೇ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. 1970ರ ದಶಕದ ಕೊನೆಯಿಂದಲೇ ಮಂಡಳಿ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮ ನಡೆಸುತ್ತಾ ಬಂದಿದೆ. ತಂಡಗಳು ಕಾಲೇಜಿನ ಮೂಲಕ ಪ್ರಸ್ತಾವ ಕಳಿಸುತ್ತವೆ. ತಜ್ಞರು ನೋಡಿ ಆರಿಸುತ್ತಾರೆ. ಆಯ್ಕೆಯಾದವರಿಗೆ ಕೆಲವು ಸಾವಿರ ರೂಪಾಯಿ ಸಿಗುತ್ತದೆ. ನಡುವೆ ಕೆಲಸದ ಪರಿಶೀಲನೆ, ಕೊನೆಗೆ ಪ್ರದರ್ಶನ. ಮೊತ್ತ ದೊಡ್ಡದಲ್ಲ. ಆದರೆ ಏನು ಮಾಡುತ್ತೀರಿ, ಯಾರಿಗೆ ಉಪಯೋಗ, ಎಷ್ಟು ಖರ್ಚು ಎಂದು ಮೊದಲೇ ಕಾಗದದಲ್ಲಿ ಬರೆಯಬೇಕಾದ ಶಿಸ್ತು ದೊಡ್ಡದು.

ಕೈಯಾರೆ ಮಾಡಿ ನೋಡಿದ ವಿಜ್ಞಾನ ಅಡುಗೆಮನೆಗೂ ಬರುತ್ತದೆ. 1974ರಲ್ಲಿ ಅದೇ ಆವರಣದಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು ಹಳ್ಳಿಗಳಿಗಾಗಿ ಆರಂಭಿಸಿದ 'ಅಸ್ತ್ರ' ಕೇಂದ್ರದಿಂದ ಅಸ್ತ್ರ ಒಲೆ ಬಂತು. ಮೂರು ಪಾತ್ರೆ ಇಡಬಹುದಾದ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ, ಕಡಿಮೆ ಸೌದೆ ಬೇಡುವ ಆ ಒಲೆಯನ್ನು ನಮ್ಮ ಹಿರಿಯ ಹೆಣ್ಣುಮಕ್ಕಳು ಅನೇಕರು ಬಲ್ಲರು.

ವಿದ್ಯಾರ್ಥಿಗಳ ಕೈ ಎಲ್ಲಿಯವರೆಗೆ ಮುಟ್ಟಬಹುದು ಎಂಬುದಕ್ಕೆ 2010ರ ಜುಲೈ 12 ಸಾಕ್ಷಿ. ಅಂದು ಶ್ರೀಹರಿಕೋಟಾದಿಂದ ಹಾರಿದ ರಾಕೆಟ್ಟಿನಲ್ಲಿ ಒಂದು ಕಿಲೋಗಿಂತ ಕಡಿಮೆ ತೂಕದ 'ಸ್ಟಡ್‌ಸ್ಯಾಟ್' ಎಂಬ ಪುಟ್ಟ ಉಪಗ್ರಹವಿತ್ತು. ಅದನ್ನು ಕಟ್ಟಿದವರು ಬೆಂಗಳೂರು ಮತ್ತು ಹೈದರಾಬಾದಿನ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು. ಏಳು ಕಾಲೇಜುಗಳು ಕೂಡಿ ಭಾರ ಹೊತ್ತದ್ದರಿಂದ ಅದು ಆಕಾಶ ಸೇರಿತು.

ಕೊಂಡು ತಂದ ಪ್ರಾಜೆಕ್ಟ್

ಇದರ ಇನ್ನೊಂದು ಮುಖವನ್ನೂ ನಾವು ನೋಡಬೇಕು. ದೊಡ್ಡ ನಗರಗಳಲ್ಲಿ ಸಿದ್ಧ ಪ್ರಾಜೆಕ್ಟುಗಳನ್ನು ಮಾರುವ ಅಂಗಡಿಗಳಿವೆ. ಹಣ ಕೊಟ್ಟರೆ ಯಂತ್ರದ ಮಾದರಿ, ವರದಿಯ ಪುಸ್ತಕ, ಪರೀಕ್ಷಕರು ಕೇಳಬಹುದಾದ ಪ್ರಶ್ನೆಗಳ ಉತ್ತರ ಎಲ್ಲವೂ ಒಂದೇ ಚೀಲದಲ್ಲಿ ಸಿಗುತ್ತದೆ. ಉಪಕರಣವಿಲ್ಲದ, ಸಮಯವಿಲ್ಲದ, ಮಾಡಿ ಕೆಡಿಸುವಷ್ಟು ಹಣವಿಲ್ಲದ ಮಕ್ಕಳು ಅಲ್ಲಿಗೆ ಹೋಗುತ್ತಾರೆ. ಸ್ವಂತ ಮಾಡಲು ಹೊರಟು ಎರಡು ಸಲ ಕೆಡಿಸಿದರೆ ಬೀಳುವ ಖರ್ಚಿಗಿಂತ ಕೊಳ್ಳುವುದೇ ಅಗ್ಗ ಎಂಬ ಲೆಕ್ಕ ಅವರದು.

ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿ(ಸ)ರು ಕೈ ಹಾಕಿದಾಗ ಒಳಗೆ ಒದ್ದೆಯಿತ್ತು. ಮೇಲೆ ಒಣಗಿದ್ದನ್ನು ತೋರಿಸಿ ಒಳಗೆ ಒದ್ದೆಯಾದುದನ್ನು ಮುಚ್ಚಿಟ್ಟ ವರ್ತಕನಿಗೆ ಅವರು ಕೊಟ್ಟ ಎಚ್ಚರಿಕೆ ನಮಗೆಲ್ಲ ತಿಳಿದಿದೆ. ಪದವಿ ಪತ್ರ ಮೇಲೆ ಒಣಗಿ ಕಾಣುತ್ತದೆ. ಕೆಲಸದ ಸಂದರ್ಶನದಲ್ಲಿ ಯಾರಾದರೂ ಒಳಗೆ ಕೈ ಹಾಕಿದಾಗ ಒದ್ದೆ ತಿಳಿಯುತ್ತದೆ. ತಪ್ಪು ಮಕ್ಕಳದೆಂದು ಹೇಳಿ ನಾವು ಸುಮ್ಮನಾಗುವಂತಿಲ್ಲ. ಮಾಡಿ ಕಲಿಯುವ ದಾರಿಯನ್ನು ಅವರಿಗೆ ತೆರೆದುಕೊಡುವ ಹೊಣೆ ಹಿರಿಯರ ಮೇಲಿದೆ.

ನಮ್ಮ ಊರುಗಳ ಒಂದು ವಿಚಿತ್ರವನ್ನು ಗಮನಿಸಿ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು, ಯಾವ ಪೇಟೆಗೆ ಹೋದರೂ ಗ್ಯಾರೇಜು, ವೆಲ್ಡಿಂಗ್ ಶಾಪು, ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಅಂಗಡಿಗಳಲ್ಲಿ ನಮ್ಮವರು ದುಡಿಯುತ್ತಿದ್ದಾರೆ. ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳುವ ಉಸ್ತಾದರು ಅಲ್ಲಿದ್ದಾರೆ. ಅವರ ಮಕ್ಕಳು ಅದೇ ಬೇರಿಂಗಿನ ಲೆಕ್ಕವನ್ನು ಕಾಲೇಜಿನಲ್ಲಿ ಪುಟಗಟ್ಟಲೆ ಮಾಡುತ್ತಾರೆ, ಆದರೆ ಬಿಚ್ಚಿ ಹಾಕಲು ಅಂಜುತ್ತಾರೆ. ತಂದೆಯ ಕೈಗೂ ಮಗಳ ಪುಸ್ತಕಕ್ಕೂ ಭೇಟಿಯಾಗಬೇಕು. ಅಲ್ ಜಝರಿಯವರಲ್ಲಿ ಈ ಎರಡೂ ಒಬ್ಬರಲ್ಲೇ ಇದ್ದವು.

ಮಾಡಲು ಕೆಲಸಕ್ಕೆ ಕೊರತೆಯಿಲ್ಲ. ಚನ್ನಗಿರಿಯ ಅಡಿಕೆ ಸುಲಿಯಲು ಆಳು ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಗೋವಿನಕೋವಿ ಸೀಮೆಯ ಮೆಕ್ಕೆಜೋಳ ಒಣಗಿಸುವಾಗ ಮೋಡ ಕವಿದರೆ ರೈತನ ಎದೆ ಒಡೆಯುತ್ತದೆ. ಜಗಳೂರಿನಲ್ಲಿ ಒಂದೊಂದು ಹನಿ ನೀರಿಗೂ ಲೆಕ್ಕ. ಸಣ್ಣ ಹಿಡುವಳಿಗೆ ಹೊಂದುವ ಸುಲಿಯುವ ಯಂತ್ರ, ಕಾಳು ಒಣಗಿಸುವ ಪೆಟ್ಟಿಗೆ, ನೀರು ಪೋಲಾಗದಂತೆ ತಾನೇ ನಿಲ್ಲುವ ಪಂಪು, ಇವೆಲ್ಲ ಒಂದು ತಂಡ ಒಂದು ವರ್ಷದಲ್ಲಿ ಮಾಡಿ ನೋಡಬಹುದಾದ ಕೆಲಸಗಳು. ಇವುಗಳ ಫಲ ಧರ್ಮ ನೋಡದೆ ಎಲ್ಲ ರೈತರಿಗೂ ಸಿಗುತ್ತದೆ.

ಯಾವ ಹಣ, ಯಾವುದಕ್ಕೆ?

ಕೊಡಬೇಕೆಂಬ ಮನಸ್ಸಿದ್ದವರಿಗೂ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಝಕಾತಿನ ಹಣವನ್ನು ಇದಕ್ಕೆ ಬಳಸಬಹುದೇ? ಝಕಾತ್ ಯಾರಿಗೆ ಸಲ್ಲಬೇಕೆಂದು ಕುರ್‌ಆನ್ ಎಂಟು ವರ್ಗಗಳನ್ನು ಗೊತ್ತುಪಡಿಸಿದೆ. ಹನಫಿ ಮದ್ಹಬ್‌ನಲ್ಲಿ ಝಕಾತ್ ಅರ್ಹ ವ್ಯಕ್ತಿಯ ಕೈಸೇರಿ ಅವನ ಸ್ವಂತದ್ದಾಗಬೇಕು. ಹಾಗಾಗಿ ಕಾಲೇಜಿನ ಲ್ಯಾಬಿಗೆ ಯಂತ್ರ ಕೊಳ್ಳಲು, ಕಟ್ಟಡ ಕಟ್ಟಲು ಝಕಾತ್ ಸಲ್ಲುವುದಿಲ್ಲ. ನಿಸಾಬಿಗಿಂತ ಕಡಿಮೆ ಇರುವ ಬಡ ವಿದ್ಯಾರ್ಥಿಗೆ ನೇರವಾಗಿ ಕೊಟ್ಟರೆ ಸಲ್ಲುತ್ತದೆ. ಅವನು ಅದರಿಂದ ಪುಸ್ತಕವನ್ನಾದರೂ ಕೊಳ್ಳಲಿ, ಪ್ರಾಜೆಕ್ಟಿನ ಮೋಟಾರನ್ನಾದರೂ ಕೊಳ್ಳಲಿ. ಪೂರ್ಣಾವಧಿ ಓದುವ ಬಡ ವಿದ್ಯಾರ್ಥಿಗೆ ಓದಿನ ಸಾಮಗ್ರಿಗಾಗಿಯೂ ಝಕಾತ್ ಕೊಡಬಹುದೆಂದು ಇತ್ತೀಚಿನ ವಿದ್ವಾಂಸರಲ್ಲಿ ಯೂಸುಫ್ ಅಲ್ ಖರ್ಳಾವಿಯಂಥವರು ಬರೆದಿದ್ದಾರೆ. ಪ್ರತಿಯೊಂದು ಸಂದರ್ಭವನ್ನೂ ಊರಿನ ಆಲಿಮರಲ್ಲಿ ವಿಚಾರಿಸಿಕೊಳ್ಳುವುದು ಒಳಿತು.

ಎಲ್ಲರೂ ಬಳಸುವ ಉಪಕರಣಗಳಿಗೆ ಸದಕ ಮತ್ತು ವಕ್ಫ್ ದಾರಿ ಇದೆ. ನಗದನ್ನೇ ವಕ್ಫ್ ಮಾಡುವ ರೂಢಿಯೂ ಉಸ್ಮಾನಿಯಾ ನಾಡಿನಲ್ಲಿತ್ತು. 16ನೆಯ ಶತಮಾನದಲ್ಲಿ ಅದರ ಮೇಲೆ ವಿದ್ವಾಂಸರ ನಡುವೆ ಬಿರುಸಿನ ವಾದವೇ ನಡೆಯಿತು. ಇಮಾಮ್ ಬಿರ್ಗಿವಿ ವಿರೋಧಿಸಿದರು, ಶೈಖುಲ್ ಇಸ್ಲಾಮ್ ಅಬೂಸ್ಸುಊದ್ ಎಫೆಂದಿ ಸಮರ್ಥಿಸಿದರು. ಉಪಕರಣಗಳ ವಕ್ಫ್‌ಗೆ ಅಷ್ಟು ವಾದದ ಗೊಡವೆಯೂ ಇಲ್ಲ. ಅದು 'ಹಿದಾಯ'ದ ಗರಗಸದ ಸಾಲಿನಲ್ಲೇ ಬರುತ್ತದೆ.

ಹಾಗಾದರೆ ಒಂದು ತಾಲ್ಲೂಕಿನ ಜಮಾಅತ್‌ಗಳು ಕೂಡಿ ಮಾಡಬಹುದಾದುದು ಏನು? ಒಂದು ಕೋಣೆ ಸಾಕು. ಅದರಲ್ಲಿ ಡ್ರಿಲ್ಲಿಂಗ್ ಯಂತ್ರ, ಗ್ರೈಂಡರ್, ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, ವರ್ನಿಯರ್ ಕ್ಯಾಲಿಪರ್, ಸ್ಪ್ಯಾನರ್ ಸೆಟ್ಟು. ಬರೆದಿಟ್ಟ ಒಂದು ರಿಜಿಸ್ಟರು, ಹೊಣೆ ಹೊತ್ತ ಒಬ್ಬ ಮುತವಲ್ಲಿ. ಹಣ ಕೊಡಲಾಗದ ಗ್ಯಾರೇಜ್ ಮಾಲೀಕರು ವಾರಕ್ಕೆ ಎರಡು ಗಂಟೆ ತಮ್ಮ ಲೇತನ್ನೂ ತಮ್ಮ ಅನುಭವವನ್ನೂ ಕೊಡಬಹುದು. ಅಬೂದರ್(ರ)ರಿಗೆ ಸಿಕ್ಕ ಉತ್ತರದಲ್ಲಿ ಅವರಿಗೂ ಪಾಲಿದೆ. ಸಾಮಗ್ರಿಗೆ ಹಣ ಕೊಡುವವರು ವಿಜ್ಞಾನ ಮಂಡಳಿಯ ಕ್ರಮವನ್ನೇ ಅನುಸರಿಸಲಿ: ಮೊದಲು ಬರಹದ ಪ್ರಸ್ತಾವ, ನಡುವೆ ಪರಿಶೀಲನೆ, ಕೊನೆಗೆ ಊರಿನ ಜನರ ಮುಂದೆ ಪ್ರದರ್ಶನ. ಶರತ್ತು ಒಂದೇ ಇರಲಿ, ಸ್ವಂತ ಕೈಯಿಂದ ಮಾಡಿರಬೇಕು. ಕೆಟ್ಟುಹೋದರೂ ಸರಿ, ಯಾಕೆ ಕೆಟ್ಟಿತೆಂದು ಹೇಳಬಲ್ಲವರಾಗಿರಬೇಕು.

ಆ ಕೋಣೆಯ ಬಾಗಿಲು ಹೆಣ್ಣುಮಕ್ಕಳಿಗೂ ತೆರೆದಿರಬೇಕು. ಅವರು ಬಂದು ಹೋಗಲು ಅನುಕೂಲವಾದ ಹೊತ್ತು, ಜೊತೆಗೆ ಒಬ್ಬ ಹಿರಿಯ ಮಹಿಳೆ ಇದ್ದರೆ ತಂದೆತಾಯಿಗಳ ಅಳುಕು ದೂರವಾಗುತ್ತದೆ. ನೆರೆಯ ಧರ್ಮದ ಮಕ್ಕಳಿಗೂ ಅದು ತೆರೆದಿರಲಿ. ತವನಪ್ಪನವರ ಹೆಸರಿನ ಕಾಲೇಜು ನಮ್ಮ ಮಕ್ಕಳನ್ನು ಯಾವ ಜಾತಿ ಎಂದು ಕೇಳಿ ಹಿಂದೆ ಕಳಿಸಲಿಲ್ಲ.

ಟಾಟಾ ಅವರು ತಾವು ಕೊಟ್ಟ ಸಂಸ್ಥೆಯ ಒಂದು ಇಟ್ಟಿಗೆಯನ್ನೂ ಕಾಣಲಿಲ್ಲ. ಭಟ್ಕಳದಲ್ಲಿ 1919ರಲ್ಲಿ ಕೊಟ್ಟವರ ಪೈಕಿ 1980ನ್ನು ಕಂಡವರು ಎಷ್ಟು ಮಂದಿ? ಹರಿಯುತ್ತಲೇ ಇರುವ ದಾನದ ಸ್ವಭಾವವೇ ಹಾಗೆ, ಕೊಟ್ಟವನು ಹೋದ ಮೇಲೂ ಅದು ದುಡಿಯುತ್ತಿರುತ್ತದೆ. ನಾವು ಇಂದು ಇಟ್ಟುಹೋಗುವ ಒಂದು ಡ್ರಿಲ್ಲಿಂಗ್ ಯಂತ್ರದಿಂದ ಮುಂದೊಂದು ದಿನ ಯಾವ ಮಗು ಏನು ಮಾಡೀತೆಂಬುದನ್ನು ಅಲ್ಲಾಹನು ಮಾತ್ರ ಬಲ್ಲನು.

ನಮ್ಮ ಮಕ್ಕಳ ತಲೆಗೆ ಪ್ರಯೋಜನಕರವಾದ ಜ್ಞಾನವನ್ನೂ ಅವರ ಕೈಗಳಿಗೆ ಹಲಾಲ್ ಕಸುಬನ್ನೂ ಅಲ್ಲಾಹನು ದಯಪಾಲಿಸಲಿ. ಕೊಟ್ಟವರ ದಾನವನ್ನು ಸ್ವೀಕರಿಸಲಿ. ಆಮೀನ್.